ಆರು ಸಾವಿರದ ಲೆಕ್ಕ: ರಿದಂ ಪ್ಯಾಡ್ ಅಂಗಡಿಯಲ್ಲೋ, ಆನ್‌ಲೈನ್‌ನಲ್ಲೋ?

ಹೋದ ತಿಂಗಳು ಹಾಸನದ ಬಿ.ಎಂ. ರಸ್ತೆ ಕಡೆಯ ಒಂದು ವಾದ್ಯದ ಅಂಗಡಿಯಲ್ಲಿ ಗಿಟಾರ್ ತಂತಿ ತಗೊಳ್ಳಲು ನಿಂತಿದ್ದೆ. ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ. ಮೊಬೈಲ್ ತಿರುಗಿಸಿ ಅಂಗಡಿಯವರಿಗೆ ಒಂದು ರಿದಂ ಪ್ಯಾಡ್ ತೋರಿಸಿದ, ಕೋಲಿನಲ್ಲಿ ಬಾರಿಸಿದರೆ ತಬಲಾ, ಡ್ರಮ್ಸ್ ಸದ್ದು ಕೊಡುವ ಎಲೆಕ್ಟ್ರಾನಿಕ್ ವಾದ್ಯ. "ಅಣ್ಣ, ಅದೇ ಪ್ಯಾಡು. ಇಲ್ಲಿ ಆರು ಸಾವಿರ ಕಮ್ಮಿ ಇದೆ ನೋಡಿ." ಅಂಗಡಿಯವರು ಕನ್ನಡಕ ಮೇಲೆತ್ತಿ ನೋಡಿದರು. "ಹಂಗಿದ್ರೆ ಅಲ್ಲೇ ತಗೊಳಪ್ಪ. ಕೆಟ್ರೆ ಮಾತ್ರ ನನ್ನತ್ರ ತರಬೇಡ." ಸಿಟ್ಟಿನಿಂದ ಅಂದದ್ದಲ್ಲ, ಸುಮ್ನೆ ಅಂದದ್ದು. ಹುಡುಗ ನಕ್ಕ. ಆದರೆ ಆರ್ಡರ್ ಬಟನ್ ಒತ್ತಲಿಲ್ಲ. ಅಂಗಡಿಯಲ್ಲೂ ತಗೊಳ್ಳಲಿಲ್ಲ. ಹಾಗೇ ನಿಂತಿದ್ದ.

ಅವನು ನಿಂತ ಜಾಗದಲ್ಲೇ ಈಗ ಬಹಳ ಜನ ನಿಂತಿದ್ದಾರೆ. ಆನ್‌ಲೈನ್ ಅಗ್ಗ, ಅಂಗಡಿ ದುಬಾರಿ ಅಂತ ಒಂದೇ ಸಾಲಿನಲ್ಲಿ ಮುಗಿಸುವವರಿದ್ದಾರೆ. ಊರಿನ ವ್ಯಾಪಾರಿಗಳನ್ನು ಉಳಿಸಬೇಕು ಅಂತ ಭಾಷಣ ಮಾಡುವವರೂ ಇದ್ದಾರೆ. ಎರಡೂ ಅರ್ಧ ಮಾತು. ಪ್ಯಾಡ್ ಅನ್ನುವುದು ಮಿಕ್ಸಿ, ಟಿವಿ ಥರದ ವಸ್ತುವಲ್ಲ. ನಮ್ಮ ಕಡೆ ಬಹಳ ಜನ ಅದನ್ನು ಬಾರಿಸಿಯೇ ಮನೆ ನಡೆಸುತ್ತಾರೆ.

ಗಣಪತಿ ಕೂರಿಸಿದ ದಿನದಿಂದ ರಾಜ್ಯೋತ್ಸವದವರೆಗೆ, ಆಮೇಲೆ ಸಂಕ್ರಾಂತಿಯಿಂದ ಜಾತ್ರೆಗಳು ಮುಗಿಯುವವರೆಗೆ ರಸಮಂಜರಿ ತಂಡಗಳಿಗೆ ಓಡಾಟ. ಇವತ್ತು ಹೊಳೆನರಸೀಪುರ, ನಾಳೆ ಅರಸೀಕೆರೆ, ನಾಡಿದ್ದು ಕಡೂರು. ಹಿಂದೆ ತಂಡದಲ್ಲಿ ತಬಲಾಗೆ ಒಬ್ಬರು, ಢೋಲಕ್‌ಗೆ ಒಬ್ಬರು, ಡ್ರಮ್ಸ್‌ಗೆ ಒಬ್ಬರು ಇರುತ್ತಿದ್ದರು. ಮೂರು ಸಂಭಾವನೆ, ಮೂರು ಊಟ, ವ್ಯಾನಿನಲ್ಲಿ ಮೂರು ಸೀಟು. ಈಗ ಒಬ್ಬ ಪ್ಯಾಡಿನವನು ಸಾಕು. ತಬಲಾ, ತಮಟೆ, ಡೊಳ್ಳು, ಸಿನಿಮಾ ಹಾಡಿನ ಡ್ರಮ್ಸ್, ಎಲ್ಲವೂ ಎಂಟು ರಬ್ಬರ್ ಚೌಕದೊಳಗೆ ಕೂತಿವೆ. ಹಳೇ ಢೋಲಕ್‌ನವರು ಇದಕ್ಕೆ ಬೈಯುತ್ತಾರೆ. ಬೈಯಲಿ, ಅವರ ಮಾತಲ್ಲೂ ನ್ಯಾಯವಿದೆ.

ಎಂಟು ಚೌಕ ಇದ್ದದ್ದಕ್ಕೇ ಅದಕ್ಕೆ ಆಕ್ಟೋಪ್ಯಾಡ್ ಅನ್ನುವ ಹೆಸರು ಬಂತು. ಜಪಾನಿನ ರೋಲ್ಯಾಂಡ್ ಕಂಪನಿ ಮೊದಲನೆಯದನ್ನು ತಂದದ್ದು 1985ರಲ್ಲಿ, ಪ್ಯಾಡ್-8 ಅಂತ. ತಮಾಷೆ ಏನೆಂದರೆ ಅದರಲ್ಲಿ ಸ್ವಂತ ಸದ್ದೇ ಇರಲಿಲ್ಲ. ಹೊಡೆದ ಏಟನ್ನು ಮಿಡಿ ಸಂಕೇತ (ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಮಾತಾಡುವ ಭಾಷೆ) ಮಾಡಿ ಬೇರೆ ಯಂತ್ರಕ್ಕೆ ಕಳಿಸುತ್ತಿತ್ತು, ಅಷ್ಟೇ. ಸದ್ದನ್ನು ಒಳಗೇ ಇಟ್ಟುಕೊಂಡ ಪ್ಯಾಡ್‌ಗಳು ಆಮೇಲೆ ಬಂದವು. ನಮ್ಮ ಆರ್ಕೆಸ್ಟ್ರಾಗಳನ್ನು ಗೆದ್ದದ್ದು 1998ರ ಎಸ್‌ಪಿಡಿ-20. ಅದರೊಳಗೆ 700 ಸದ್ದುಗಳು. 2010ರಲ್ಲಿ ಎಸ್‌ಪಿಡಿ-30 ಬಂತು. ಹಾಗಿದ್ದರೂ ಹಳೇ 20ನ್ನು ಬಿಡದವರು ಇವತ್ತಿಗೂ ಇದ್ದಾರೆ.

ಜೆರಾಕ್ಸ್ ಅಂದ ಹಾಗೆ ಈಗ ಎಲ್ಲ ಕಂಪನಿಯ ಪ್ಯಾಡೂ ಜನರ ಬಾಯಲ್ಲಿ ಆಕ್ಟೋಪ್ಯಾಡೇ. ಆನ್‌ಲೈನ್‌ನಲ್ಲಿ ಮೊದಲ ಏಟು ಬೀಳುವುದು ಇಲ್ಲೇ. ಆ ಹೆಸರು ಹಾಕಿ ಹುಡುಕಿದರೆ ಎರಡು ಸಾವಿರದ್ದೂ ಬರುತ್ತದೆ, ಎಪ್ಪತ್ತು ಸಾವಿರದ್ದೂ ಬರುತ್ತದೆ. ಚಾಪೆ ಥರ ಸುತ್ತಿಡುವ ಸಿಲಿಕಾನ್ ಡ್ರಮ್ ಒಂದಿದೆ. ಅದು ಮಕ್ಕಳ ಆಟಕ್ಕೆ ಸರಿ. ಇನ್ನೊಂದು, ಕಂಪ್ಯೂಟರ್‌ಗೆ ಜೋಡಿಸಿ ಬೆರಳಿನಲ್ಲಿ ನುಡಿಸುವ ಪ್ಯಾಡ್ ಕಂಟ್ರೋಲರ್. ಅಕಾಯ್ ಎಂಪಿಡಿ218 ಅಂಥದ್ದು. ಒಳ್ಳೆಯ ಸಾಮಾನೇ, ಆದರೆ ಅದಕ್ಕೂ ಸ್ವಂತ ಸದ್ದಿಲ್ಲ. ಚನ್ನರಾಯಪಟ್ಟಣದ ಕಡೆಯ ಒಂದು ಭಜನಾ ಮಂಡಳಿಯವರು ಅಂಥದ್ದೊಂದನ್ನು ತರಿಸಿ, ಆಂಪ್ಲಿಫೈಯರ್‌ಗೆ ವೈರ್ ಎಲ್ಲಿ ಚುಚ್ಚಬೇಕು ಅಂತ ಒಂದು ಸಂಜೆಯೆಲ್ಲ ಹುಡುಕಿದ್ದರು. ಚುಚ್ಚುವ ಜಾಗವೇ ಇರಲಿಲ್ಲ. ಅಂಗಡಿಯಾಗಿದ್ದರೆ "ಎಲ್ಲಿ ನುಡಿಸ್ತೀರಿ?" ಅನ್ನುವ ಒಂದೇ ಪ್ರಶ್ನೆಯಲ್ಲಿ ಇದು ತಪ್ಪುತ್ತಿತ್ತು.

ಹಾಗಂತ ಅಂಗಡಿಯನ್ನು ಹೊತ್ತು ಮೆರೆಸಬೇಕಿಲ್ಲ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ವಾದ್ಯದ ಅಂಗಡಿ ಅಂದರೆ ಏನು? ಹಾರ್ಮೋನಿಯಂ, ತಬಲಾ, ಗಿಟಾರ್, ಮಕ್ಕಳ ಕೀಬೋರ್ಡ್, ಮೈಕು, ಸ್ಟ್ಯಾಂಡು. ಅರವತ್ತು ಎಪ್ಪತ್ತು ಸಾವಿರದ ಪ್ಯಾಡನ್ನು ಗಾಜಿನ ಬೀರುವಿನಲ್ಲಿ ಇಟ್ಟುಕೊಂಡು ಗಿರಾಕಿಗೆ ಕಾಯುವ ಶಕ್ತಿ ಸಣ್ಣ ಅಂಗಡಿಗೆ ಇರುವುದಿಲ್ಲ. ನೀವು ಕೇಳಿದ ಮೇಲೆ ಅವರು ಬೆಂಗಳೂರಿಗೆ ಫೋನ್ ಮಾಡುತ್ತಾರೆ. ಅಡ್ವಾನ್ಸ್ ಇಸ್ಕೊಳ್ಳುತ್ತಾರೆ. ಎರಡು ದಿನಕ್ಕೆ ಲಾರಿಯಲ್ಲೋ, ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲೋ ಬಾಕ್ಸ್ ಬರುತ್ತದೆ. ಅಂದರೆ ಊರಿನ ಅಂಗಡಿಯಲ್ಲಿ ಕೊಂಡರೂ ಅದು ಒಂದು ಬಗೆಯ ಆರ್ಡರೇ. ಒಂದು ಮುಖ ಜಾಸ್ತಿ, ಅಷ್ಟೇ.

ಆರು ಸಾವಿರ ಕೊಡುತ್ತಿರುವುದು ಆ ಮುಖಕ್ಕೆ. ಅದು ದುಬಾರಿಯೋ ಅಲ್ಲವೋ ಅನ್ನುವುದು ನೀವು ಪ್ಯಾಡನ್ನು ಎಲ್ಲಿ ನುಡಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಮನೆಯಲ್ಲಿ ಕಲಿಯುವವರಿಗೆ ದುಬಾರಿ. ಸ್ಟೇಜ್ ಮೇಲೆ ದುಡಿಯುವವರಿಗೆ ಅಲ್ಲ. ಕಾರಣ ಹೇಳುತ್ತೇನೆ.

ಮೊದಲನೆಯದು ಟೋನ್. ಕಂಪನಿಯಿಂದ ಬಂದ ಪ್ಯಾಡಿನಲ್ಲಿ ತಬಲಾ, ಢೋಲಕ್ ಸದ್ದು ಇರುತ್ತದೆ. ಆದರೆ ಹಾಗೇ ತೆಗೆದು ನುಡಿಸಿದರೆ ನಮ್ಮ ಹಾಡಿಗೆ ಕೂರುವುದಿಲ್ಲ. ಯಾವ ಚೌಕಕ್ಕೆ ಯಾವ ಸದ್ದು, ಶ್ರುತಿ ಎಷ್ಟು, ಎಳೆತ ಎಷ್ಟು, ಮೆಲ್ಲಗೆ ಹೊಡೆದರೆ ಏನು ಬರಬೇಕು, ಇವನ್ನೆಲ್ಲ ಕೂತು ಹೊಂದಿಸಬೇಕು. ಹೀಗೆ ಹೊಂದಿಸಿದ ಕಟ್ಟನ್ನು ಪ್ಯಾಚ್ ಅನ್ನುತ್ತಾರೆ. ಇದರದ್ದೇ ಒಂದು ವ್ಯಾಪಾರ ಇದೆ. ಅನುಭವಿ ಪ್ಯಾಡಿನವರು ತಮ್ಮ ಪ್ಯಾಚ್‌ಗಳನ್ನು ದುಡ್ಡಿಗೆ ಕೊಡುತ್ತಾರೆ, ಅಂತರ್ಜಾಲದಲ್ಲೂ ಮಾರುತ್ತಾರೆ. ಹಳೇ ಎಸ್‌ಪಿಡಿ-20ಕ್ಕೆ ಯುಎಸ್‌ಬಿ ಇಲ್ಲ, ಮಿಡಿ ಕೇಬಲ್ಲಿನಲ್ಲೇ ಕಳಿಸಬೇಕು. ಎಸ್‌ಪಿಡಿ-30ಕ್ಕೆ ಪೆನ್‌ಡ್ರೈವ್ ಸಾಕು. ಒಳ್ಳೇ ಅಂಗಡಿಯವರಿಗೆ ಇಂಥ ಒಬ್ಬ ಪ್ಯಾಡಿನವರ ಪರಿಚಯ ಇರುತ್ತದೆ. "ಇವರ ಹತ್ರ ಹೋಗು, ಹಾಕ್ಕೊಡ್ತಾರೆ" ಅಂತ ಕಳಿಸುತ್ತಾರೆ. ಆ ಒಂದು ಮಾತಿಗೇ ನಾನು ಎರಡು ಸಾವಿರ ಕಟ್ಟುತ್ತೇನೆ.

ಎರಡನೆಯದು ಇನ್ನೂ ದೊಡ್ಡದು: ಬದಲಿ ಪ್ಯಾಡ್. ಗಣಪತಿ ಸೀಸನ್ನಿನಲ್ಲಿ ಪ್ಯಾಡ್ ಕೈಕೊಟ್ಟರೆ ಸರ್ವಿಸ್ ಸೆಂಟರ್ ಕೇಳುವುದು ಎರಡು ಮೂರು ವಾರ. ಅಷ್ಟರಲ್ಲಿ ನಿಮ್ಮ ಜಾಗಕ್ಕೆ ತಂಡದಲ್ಲಿ ಬೇರೆಯವನು ಬಂದಿರುತ್ತಾನೆ. ಪರಿಚಯದ ಅಂಗಡಿಯವರು ಯಾರದ್ದೋ ಹಳೇ ಪ್ಯಾಡನ್ನು ನಾಲ್ಕು ದಿನದ ಮಟ್ಟಿಗೆ ಕೊಡಿಸುತ್ತಾರೆ. ಇದು ಯಾವ ಬಿಲ್ಲಿನಲ್ಲೂ ಬರೆದಿರುವುದಿಲ್ಲ, ಯಾವ ವಾರಂಟಿ ಕಾರ್ಡಿನಲ್ಲೂ ಇಲ್ಲ. ಎಲ್ಲ ಅಂಗಡಿಯವರೂ ಮಾಡುವುದೂ ಇಲ್ಲ. ಮಾಡದವರಿಗೆ ಆರು ಸಾವಿರ ಯಾಕೆ ಕೊಡಬೇಕು ಅಂತ ಕೇಳಿದರೆ, ಕೊಡಬೇಡಿ ಅಂತಲೇ ಹೇಳುತ್ತೇನೆ. ಕೊಳ್ಳುವ ಮೊದಲು ಆ ಅಂಗಡಿಯಲ್ಲಿ ಕೊಂಡ ಇಬ್ಬರನ್ನು ವಿಚಾರಿಸಿ. ಹಾಸನ ಅಷ್ಟೇನೂ ದೊಡ್ಡ ಊರಲ್ಲ.

ಈಗ ನನ್ನ ಕಥೆ. ಎರಡು ವರ್ಷದ ಹಿಂದೆ ಅಕ್ಕನ ಮಗಳಿಗೆ ಅಂತ ಒಂದು ಪೂರ್ತಿ ಎಲೆಕ್ಟ್ರಾನಿಕ್ ಡ್ರಮ್ ಸೆಟ್ ಆನ್‌ಲೈನ್‌ನಲ್ಲಿ ತರಿಸಿದೆ. ಬಾಕ್ಸ್ ಬಂದಾಗ ಆಷಾಢ. ಹೊಸ ವಸ್ತು, ಆಷಾಢದಲ್ಲಿ ತೆಗೆಯೋದು ಬೇಡ ಅಂದರು ಅಮ್ಮ. ಸರಿ ಅಂತ ನಡುಮನೆಯಲ್ಲಿ ಹಾಗೇ ಇಟ್ಟೆವು. ಶ್ರಾವಣದ ಮೊದಲ ಶುಕ್ರವಾರ ಅರಿಶಿನ ಕುಂಕುಮ ಇಟ್ಟು ಬಿಚ್ಚಿದೆವು. ಹೈ-ಹ್ಯಾಟ್ ಪೆಡಲ್, ಅಂದರೆ ಜೋಡಿ ತಾಳದ ಸದ್ದಿಗೆ ಕಾಲಿನಲ್ಲಿ ಒತ್ತುವುದು, ಕೆಲಸವೇ ಮಾಡಲಿಲ್ಲ. ವಾಪಸ್ ಕೊಡುವ ಗಡುವು ಮುಗಿದು ಎರಡು ವಾರ ಆಗಿತ್ತು. ಮಾರಿದವರು ಬಾಕ್ಸ್ ಬಿಚ್ಚುವ ವಿಡಿಯೋ ಕೇಳಿದರು. ನಮ್ಮ ಹತ್ತಿರ ಇದ್ದದ್ದು ಪೂಜೆಯ ಫೋಟೋ ಮಾತ್ರ. ಕೊನೆಗೆ ಕಂಪನಿ ವಾರಂಟಿಯಲ್ಲಿ ಪೆಡಲ್ ಬದಲಾಯಿತು, ಬರಲು ಒಂದೂವರೆ ತಿಂಗಳು ಹಿಡಿಯಿತು. ತಪ್ಪು ಅವರದ್ದೂ ಇತ್ತು, ನಮ್ಮದೂ ಇತ್ತು. ಅಮ್ಮ ಮಾತ್ರ ಆಷಾಢದಲ್ಲಿ ಆರ್ಡರ್ ಮಾಡಿದ್ದೇ ತಪ್ಪು ಅಂತಾರೆ.

ಈ ವಾಪಸ್ ಗಡುವಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಏಳು ದಿನವೋ ಹತ್ತು ದಿನವೋ ಅನ್ನುವುದು ಕಾನೂನು ಕೊಟ್ಟದ್ದಲ್ಲ, ಮಾರುವವರು ತಾವೇ ಹಾಕಿಕೊಂಡ ನಿಯಮ. ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವುದು ಅವರ ನಿಯಮದ ಮೇಲೆಯೇ ಹೋಗುತ್ತದೆ. ದೋಷವಿರುವ ಮಾಲು ಬಂದರೆ ವಿಷಯ ಬೇರೆ. ಆಗ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. 2019ರ ಈ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಾಗ ನಮ್ಮಂಥ ಊರಿನವರಿಗೆ ಒಂದು ದೊಡ್ಡ ಅನುಕೂಲ ಆಯಿತು. ಮಾರಿದವನು ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ದೂರನ್ನು ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಐದು ಲಕ್ಷದೊಳಗಿನ ವಸ್ತುವಿಗೆ ದೂರಿನ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆನ್‌ಲೈನ್ ಮಾರುಕಟ್ಟೆಗಳಿಗೆ 2020ರ ನಿಯಮಗಳೂ ಇವೆ. ದೂರು ಅಧಿಕಾರಿ ಇರಲೇಬೇಕು, 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಇಲ್ಲಿ ಒಂದು ವಿಚಿತ್ರ ಇದೆ. ಕಾಗದದ ಮೇಲೆ ನೋಡಿದರೆ ಆನ್‌ಲೈನ್ ಗಿರಾಕಿಯೇ ಗಟ್ಟಿ. ಬಿಲ್ ಇದೆ, ಇಮೇಲ್ ಇದೆ, ಯಾವ ದಿನ ಬಂತು ಅನ್ನುವ ದಾಖಲೆ ಇದೆ. ಅಂಗಡಿಯಲ್ಲಿ ಕೊಂಡವರ ಕೈಯಲ್ಲಿ ಎಷ್ಟೋ ಸಲ ಒಂದು ಚೀಟಿಯೂ ಇರುವುದಿಲ್ಲ. "ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ತೀನಿ" ಅನ್ನುವ ಮಾತು ಎಲ್ಲರೂ ಕೇಳಿದ್ದೇ. ಪ್ಯಾಡಿಗೆ ಜಿಎಸ್‌ಟಿ 18 ಪರ್ಸೆಂಟ್. ಅರವತ್ತು ಸಾವಿರದ ಬಿಲ್ಲಿನಲ್ಲಿ ಸುಮಾರು 9,150 ರೂಪಾಯಿ ತೆರಿಗೆಯೇ. ಕೈಯಿಂದ ಮಾಡಿದ ದೇಸಿ ತಬಲಾ, ಢೋಲಕ್‌ಗೆ ಜಿಎಸ್‌ಟಿ ಇಲ್ಲ, ಅದರ ಸದ್ದನ್ನು ತುಂಬಿಕೊಂಡ ಪ್ಯಾಡಿಗೆ ಇದೆ! ಇರಲಿ. ಆ ಒಂಬತ್ತು ಸಾವಿರ ಉಳಿಯುತ್ತದೆ ಅಂತ ಬಿಲ್ ಬಿಟ್ಟರೆ ವಾರಂಟಿ ಹೋಯಿತು, ಆಯೋಗಕ್ಕೆ ಹೋಗುವ ದಾರಿಯೂ ಕಷ್ಟವಾಯಿತು. ಮುಂದೆ ಮಾರುವಾಗ ಬೆಲೆಯೂ ಇಳಿಯುತ್ತದೆ. ಯಾಕೆಂದರೆ ಕೊಳ್ಳುವವನು ಮೊದಲು ಕೇಳುವುದು "ಬಿಲ್ ಇದೆಯಾ?" ಅಂತ.

ಬಿಲ್ ಜೊತೆ ಬಾಕ್ಸನ್ನೂ ತಿರುಗಿಸಿ ನೋಡಿ. ಹೊರದೇಶದಿಂದ ನೇರ ದಾರಿಯಲ್ಲಿ ಬಂದ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಅಂಟಿಸಿರಲೇಬೇಕು. ಚೀಟಿ ಇಲ್ಲ, ಬೆಲೆ ಮಾತ್ರ ಬಹಳ ಕಮ್ಮಿ ಅಂದರೆ ಅದು ಯಾರದ್ದೋ ಸೂಟ್‌ಕೇಸಿನಲ್ಲಿ ಬಂದದ್ದಿರಬಹುದು. ಇಂಥ ಮಾಲು ಆನ್‌ಲೈನ್‌ನಲ್ಲೂ ಇದೆ, ಅಂಗಡಿಯಲ್ಲೂ ಇದೆ. ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. ಅಲ್ಲಿನ ಅಡಾಪ್ಟರನ್ನು ನೋಡದೆ ಇಲ್ಲಿ ಚುಚ್ಚಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ಅಡಾಪ್ಟರ್ ವಿಷಯ ಬಂತಲ್ಲ, ಸ್ವಲ್ಪ ನಿಲ್ಲುತ್ತೇನೆ. ರೋಲ್ಯಾಂಡ್‌ನ 9 ವೋಲ್ಟಿನ ಸಾಮಾನುಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ಒಳಭಾಗ ಮೈನಸ್, ಹೊರಭಾಗ ಪ್ಲಸ್. ಪೇಟೆಯಲ್ಲಿ ನೂರೈವತ್ತು ರೂಪಾಯಿಗೆ ಸಿಗುವ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಇದು ಉಲ್ಟಾ. ಪಿನ್ ಕೂರುತ್ತದೆ, ಆದ್ದರಿಂದ ಸರಿ ಅಂತಲೇ ಅನ್ನಿಸುತ್ತದೆ. ಪ್ಯಾಡಿನ ಮೇಲೆ ಮತ್ತು ಅಡಾಪ್ಟರ್ ಮೇಲೆ ಇರುವ ಸಣ್ಣ ಚಿತ್ರವನ್ನು ಹೋಲಿಸಿ ನೋಡದೆ ಚುಚ್ಚಬೇಡಿ. ಇನ್ನು ಹಳ್ಳಿ ಕಾರ್ಯಕ್ರಮಗಳಲ್ಲಿ ಜನರೇಟರ್. ಸೀರಿಯಲ್ ಸೆಟ್ಟು, ಫೋಕಸ್ ಲೈಟು, ಸೌಂಡು, ಎಲ್ಲ ಒಂದೇ ಲೈನಿನಲ್ಲಿ. ಲೈಟ್ ಆನ್ ಮಾಡಿದಾಗಲೆಲ್ಲ ವೋಲ್ಟೇಜ್ ಕುಣಿಯುತ್ತದೆ. ವೋಲ್ಟೇಜಿನಿಂದ ಸುಟ್ಟರೆ ವಾರಂಟಿ ಸಾಮಾನ್ಯವಾಗಿ ಬರುವುದಿಲ್ಲ, ನೀರು ಬಿದ್ದರೂ ಅಷ್ಟೇ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಮಳೆಗಾಲದ್ದು ಬೇರೆ ಕಾಟ. ಜೂನ್‌ನಿಂದ ನಾಲ್ಕು ತಿಂಗಳು ಬ್ಯಾಗಿನೊಳಗೆ ಬೂಷ್ಟು ಹಿಡಿಯುತ್ತದೆ, ಕೇಬಲ್ ಚುಚ್ಚುವ ಜಾಗ ಕಿಲುಬುಗಟ್ಟಿ ಕರಕರ ಅನ್ನುತ್ತದೆ. ಕಾಫಿ ತೋಟದ ಮನೆಗಳಿಗೆ ಕೊರಿಯರ್‌ನವರು ಬಾಗಿಲತನಕ ಬರುವುದೂ ಕಮ್ಮಿ. ಪೇಟೆಗೆ ಬಂದು ತಗೊಂಡು ಹೋಗಿ ಅಂತ ಫೋನ್ ಬರುತ್ತದೆ. ಇಪ್ಪತ್ತೈದು ಕೆಜಿ ಬಾಕ್ಸನ್ನು ಬೈಕಿನಲ್ಲಿ ತರುವುದು ಹೇಗೆ ಅಂತ ಆ ಫೋನಿನವರು ಹೇಳುವುದಿಲ್ಲ.

ಕೊಳ್ಳುವಾಗ ಏನು ಪರೀಕ್ಷೆ ಮಾಡಬೇಕು ಅನ್ನುವುದು ಗೊತ್ತಿದ್ದರೆ ಎಲ್ಲಿ ಕೊಂಡರೂ ಮೋಸ ಕಮ್ಮಿ. ಡ್ರಮ್ ಸೆಟ್ಟಿನ ಪ್ರತಿ ಪ್ಯಾಡಿನ ಕೆಳಗೆ ಹಿತ್ತಾಳೆ ಬಿಲ್ಲೆಯಂಥ ಪೀಜೋ ಸೆನ್ಸರ್ ಇರುತ್ತದೆ. ಏಟು ಬಿದ್ದಾಗ ಅದು ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಮಾಡ್ಯೂಲ್, ಅಂದರೆ ಸೆಟ್ಟಿನ ಸದ್ದಿನ ಪೆಟ್ಟಿಗೆ, ಅದನ್ನು ಅಳೆದು ಅದಕ್ಕೆ ತಕ್ಕ ಸದ್ದನ್ನು ತೆಗೆಯುತ್ತದೆ. ಜೋರಾಗಿ ಬಾರಿಸಿ ನೋಡುವುದು ಎಲ್ಲರೂ ಮಾಡುವ ತಪ್ಪು. ಜೋರಿಗೆ ಎಲ್ಲ ಪ್ಯಾಡೂ ಚೆನ್ನಾಗಿಯೇ ಕೇಳುತ್ತದೆ. ಬೆರಳ ತುದಿಯಷ್ಟು ಮೆಲ್ಲಗೆ, ನಿಧಾನವಾಗಿ ಏರಿಸುತ್ತ ಹೊಡೆಯಿರಿ. ನಡುವೆ ಸದ್ದು ಧಡಕ್ಕನೆ ಹಾರಿದರೆ ಅದು ಒಳ್ಳೆಯ ಪ್ಯಾಡಲ್ಲ. ಒಂದನ್ನು ಬಾರಿಸಿದಾಗ ಪಕ್ಕದ್ದು ತಾನಾಗಿ ನುಡಿಯುತ್ತದಾ ನೋಡಿ. ಅಂಚಿನಲ್ಲಿ ಹೊಡೆಯಿರಿ, ನಡುವಿನಲ್ಲಿ ಹೊಡೆಯಿರಿ. ರೋಲ್ಯಾಂಡ್ 1997ರಲ್ಲಿ ಹೊಡೆಯುವ ಮೇಲ್ಭಾಗಕ್ಕೆ ಬಲೆಯಂಥ ಮೆಶ್ ಹೆಡ್ ತಂದ ಮೇಲೆ ಕೋಲು ಪುಟಿಯುವ ರೀತಿ ನಿಜವಾದ ಡ್ರಮ್ಮಿಗೆ ಹತ್ತಿರ ಬಂತು. ಈಗ ಅಲೆಸಿಸ್‌ನಂಥ ಕಂಪನಿಗಳ ಕಡಿಮೆ ಬೆಲೆಯ ಸೆಟ್ಟಿನಲ್ಲೂ ಮೆಶ್ ಇದೆ. ಅದು ಕೈಗೆ ಹೇಗನ್ನಿಸುತ್ತದೆ ಅನ್ನುವುದು ವಿಡಿಯೋ ನೋಡಿದರೆ ಗೊತ್ತಾಗುವುದಿಲ್ಲ. ನಮ್ಮ ಅಂಗಡಿಗಳಲ್ಲೂ ಸೆಟ್ ಜೋಡಿಸಿಟ್ಟಿರುವುದಿಲ್ಲವಲ್ಲ! ಒಂದು ದಿನ ಬೆಂಗಳೂರಿಗೆ ಹೋಗಿ ದೊಡ್ಡ ಅಂಗಡಿಯಲ್ಲಿ ಕೂತು ಬಾರಿಸಿ ಬನ್ನಿ. ನೂರೆಂಬತ್ತು ಚಿಲ್ಲರೆ ಕಿಲೋಮೀಟರ್. ಬಸ್ ಚಾರ್ಜು ದಂಡವಾಗುವುದಿಲ್ಲ. ಬಾಡಿಗೆ ಮನೆಯ ಮಹಡಿಯಲ್ಲಿ ಇರುವವರು ಇನ್ನೊಂದು ನೆನಪಿಡಿ. ಹೆಡ್‌ಫೋನ್ ಹಾಕಿದರೆ ಸದ್ದು ಹೊರಗೆ ಬರುವುದಿಲ್ಲ ಅನ್ನುವುದು ಅರ್ಧ ನಿಜ. ಕಾಲಿನ ಪೆಡಲ್ ಧಪ್ ಧಪ್ ಅನ್ನುವುದು ಕೆಳಗಿನ ಮನೆಯವರ ತಲೆ ಮೇಲೇ.

ಕಂತಿನ ಬಗ್ಗೆ ಎರಡೇ ಮಾತು. ನೋ ಕಾಸ್ಟ್ ಇಎಂಐ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಬಡ್ಡಿಯಷ್ಟನ್ನು ಮೊದಲೇ ಬೆಲೆಯಲ್ಲಿ ಕಳೆದು ತೋರಿಸುತ್ತಾರೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮ ಕಾರ್ಡಿಗೇ ಬೀಳುತ್ತದೆ. ದೊಡ್ಡ ಆನ್‌ಲೈನ್ ಸೇಲ್‌ಗಳು ಬರುವುದು ದಸರಾ ಹೊತ್ತಿಗೆ. ಗಣಪತಿ ಕಾರ್ಯಕ್ರಮಗಳಲ್ಲಿ ಅರ್ಧ ಅಷ್ಟರಲ್ಲಿ ಮುಗಿದಿರುತ್ತವೆ. ಸೀಸನ್ನಿಗೆ ಬೇಕಾದವರಿಗೆ ಆ ರಿಯಾಯಿತಿ ಉಪಯೋಗಕ್ಕೆ ಬರುವುದು ಮುಂದಿನ ವರ್ಷಕ್ಕೆ.

ಕೋಲು, ಸ್ಟ್ಯಾಂಡು, ಸ್ಟೂಲು, ಹೆಡ್‌ಫೋನು, ಕೇಬಲ್ಲು, ಬ್ಯಾಗು, ಇವನ್ನೆಲ್ಲ ಕಣ್ಣುಮುಚ್ಚಿ ಆನ್‌ಲೈನ್‌ನಲ್ಲಿ ತರಿಸಿ. ಆಯ್ಕೆ ಜಾಸ್ತಿ, ಬೆಲೆ ಕಮ್ಮಿ, ಕೆಟ್ಟರೂ ನಷ್ಟ ಸಣ್ಣದು. ಮನೆಯಲ್ಲಿ ಕಲಿಯುವ ಮಕ್ಕಳ ಸೆಟ್ಟನ್ನೂ ಹೆಸರಿರುವ ಕಂಪನಿಯದ್ದಾದರೆ ತರಿಸಬಹುದು. ಬಂದ ದಿನವೇ ಬಿಚ್ಚಿ, ವಿಡಿಯೋ ಮಾಡಿ, ಆಷಾಢವಾದರೂ ಸರಿ.

ಆ ಅಂಗಡಿಯ ಹುಡುಗ ಕೊನೆಗೆ ಹೊಸ ಪ್ಯಾಡ್ ತಗೊಳ್ಳಲೇ ಇಲ್ಲ. ಆಮೇಲೆ ಅಂಗಡಿಯವರನ್ನೇ ಕೇಳಿ ತಿಳಿದದ್ದು. ಅರಸೀಕೆರೆ ಕಡೆಯ ತಂಡದವರೊಬ್ಬರು ದೊಡ್ಡ ಪ್ಯಾಡಿಗೆ ಹೋಗುವವರಿದ್ದರು, ಅವರ ಹಳೇ ಎಸ್‌ಪಿಡಿ-20 ಇವನಿಗೆ ಸಿಕ್ಕಿತು, ಪ್ಯಾಚ್ ಸಮೇತ. ಅಂಗಡಿಯವರಿಗೆ ಸಣ್ಣ ಕಮಿಷನ್. ನಿಜ ಹೇಳಬೇಕೆಂದರೆ ನಮ್ಮ ಕಡೆ ಪ್ಯಾಡಿನ ವ್ಯಾಪಾರ ಜಾಸ್ತಿ ನಡೆಯುವುದು ಹೀಗೆ, ಕೈಯಿಂದ ಕೈಗೆ. ಜಾತ್ರೆಗಳು ಮುಗಿದು ಮಳೆ ಶುರುವಾಗುವ ಹೊತ್ತಿಗೆ ಮಾರುವವರು ಜಾಸ್ತಿ, ಕೊಳ್ಳುವವರು ಕಮ್ಮಿ. ಆಗ ಬೆಲೆ ಇಳಿದಿರುತ್ತದೆ. ಹಳೇದನ್ನು ಕೊಳ್ಳುವಾಗ ಅರ್ಧ ಗಂಟೆ ಬಿಡದೆ ನುಡಿಸಿ ನೋಡಬೇಕು, ಬಿಸಿಯಾದ ಮೇಲೆ ತೊಂದರೆ ಕೊಡುವ ಪ್ಯಾಡ್‌ಗಳಿರುತ್ತವೆ. ಹೆಚ್ಚು ಏಟು ತಿನ್ನುವ ಎರಡು ಚೌಕಗಳ ರಬ್ಬರ್ ಸವೆದಿದೆಯಾ ನೋಡಬೇಕು. ಬಟನ್‌ಗಳನ್ನೂ ಒಂದೊಂದಾಗಿ ಒತ್ತಿ ನೋಡಿ.

ಇನ್ನು ರಿಪೇರಿ. ಸದ್ಯಕ್ಕೆ ಹಾಸನದಲ್ಲಿ ಪ್ಯಾಡ್ ಬಿಚ್ಚುವ ಧೈರ್ಯ ಇರುವವರು ಹಳೇ ಟಿವಿ ಮೆಕ್ಯಾನಿಕ್‌ಗಳು. ನನಗೆ ಗೊತ್ತಿರುವ ಒಬ್ಬರಿಗೆ ಅರವತ್ತು ದಾಟಿದೆ. ಸೆನ್ಸರ್‌ನ ವೈರ್ ಬಿಟ್ಟಿದ್ದರೆ ಬೆಸುಗೆ ಹಾಕುತ್ತಾರೆ, ಜ್ಯಾಕ್ ಬದಲಾಯಿಸುತ್ತಾರೆ, ಪೀಜೋ ಬಿಲ್ಲೆಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ ಕೂರಿಸುತ್ತಾರೆ. ಒಳಗಿನ ಬೋರ್ಡ್ ಹೋದರೆ ಮಾತ್ರ ಕೈ ಮುಗಿದು ವಾಪಸ್ ಕೊಡುತ್ತಾರೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರೂ ಇಲ್ಲ. ಅವರು ಬಾಗಿಲು ಹಾಕಿದ ದಿನ ಆನ್‌ಲೈನ್‌ನಲ್ಲಿ ಕೊಂಡವರೂ ಅಂಗಡಿಯಲ್ಲಿ ಕೊಂಡವರೂ ಒಂದೇ ಸಾಲಿನಲ್ಲಿ ನಿಲ್ಲಬೇಕು, ಕೊರಿಯರ್ ಆಫೀಸಿನ ಮುಂದೆ. ಸರ್ವಿಸ್ ಸೆಂಟರ್‌ಗೆ ಕಳಿಸುವಾಗ ಬೇರೆ ರಟ್ಟಿನ ಡಬ್ಬದಲ್ಲಿ ಹಾಕಿದರೆ ದಾರಿಯಲ್ಲಿ ಇನ್ನೊಂದು ಕಡೆ ಒಡೆಯುತ್ತದೆ. ಹಾಗಾಗಿ ಬಾಕ್ಸನ್ನು ಹಳೇ ಪೇಪರಿನವನಿಗೆ ಹಾಕಬೇಡಿ. ಥರ್ಮಕೋಲ್ ಸಮೇತ ಅಟ್ಟದ ಮೇಲೆ ಇಟ್ಟಿರಿ.